ನಗಿಸಲು ಕಲಿಸಿದ ಮೇಷ್ಟ್ರು



ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೋಗುವ ಬಸ್ಸಿನಲ್ಲಿ ಬಲಗಡೆ ಕೂತರೆ ಫರಂಗಿಪೇಟೆಯ ಆಸುಪಾಸಿನಲ್ಲಿ ನೇತ್ರಾವತಿ ಕಾಣುತ್ತದೆ. ನದಿಯ ಆಚೆ ಕಡೆ, ಇದೇ ಬಂಟ್ವಾಳ ತಾಲೂಕಿನಲ್ಲಿ ಮಂಚಿ ಎಂಬ ಊರಿದೆ. ಬಾಬುಕೋಡಿ ವೆಂಕಟರಮಣ ಕಾರಂತರು 1929ರಲ್ಲಿ ಹುಟ್ಟಿದ್ದು ಅಲ್ಲಿ. ಫರಂಗಿಪೇಟೆಯಲ್ಲಿ ಬೆಳೆದ ನನ್ನಂಥವನಿಗೆ ಬಿ.ವಿ. ಕಾರಂತರೆಂದರೆ ಮೊದಲು 'ಚೋಮನ ದುಡಿ' ಸಿನಿಮಾದವರು, ಆಮೇಲೆ ನಾಟಕದವರು. ಅವರು ಮುಖ್ಯವಾಗಿ ಮೇಷ್ಟ್ರು ಎಂದು ನನಗೆ ಹೊಳೆದದ್ದು ಟೆಲಿವಿಷನ್ನಿನ ಎಡಿಟಿಂಗ್ ಕೋಣೆಯಲ್ಲಿ. ಆ ಸಂಗತಿಗೆ ಮತ್ತೆ ಬರುತ್ತೇನೆ.

ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಇಲ್ಲಿ ಒಂದು ಮಾತು ಗಮನಿಸಬೇಕು. ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯನಟರು. ರಾಜಪಾರ್ಟು ಬೇರೆಯವರಿಗೆ ಬಿಟ್ಟುಕೊಟ್ಟು, ತಾವು ನಗಿಸುವ ಪಾತ್ರ ಮಾಡಿ ಅಷ್ಟು ದೊಡ್ಡ ಕಂಪನಿಯನ್ನು ನಡೆಸಿದವರು. ಕಾರಂತರೊಳಗಿನ ಕಲಿಯುವ ಹಸಿವನ್ನು ಕಂಡು ಬನಾರಸಿಗೆ ಓದಲು ಕಳಿಸಿದವರೂ ಅವರೇ. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಸಂಗೀತ. ಅನಂತರ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಅಲ್ಲಿಂದ ಹೊರಬಂದರು. ಅನಂತರ ಅವರು ಹಿಡಿದ ಕೆಲಸಗಳಲ್ಲಿ ಒಂದು ಯಾವುದು ಗೊತ್ತೆ? ದಿಲ್ಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಶಾಲಾ ಮಕ್ಕಳಿಗೆ ನಾಟಕ ಹೇಳಿಕೊಡುವುದು. ಮಕ್ಕಳನ್ನು ಸುಳ್ಳುಸುಳ್ಳೇ ನಗಿಸಲು ಬರುವುದಿಲ್ಲ. ಅದಕ್ಕಿಂತ ಗಟ್ಟಿಯಾದ ತರಬೇತಿ ನಿರ್ದೇಶಕನಿಗೆ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಮುಂದಿನ ವರ್ಷಗಳು ಎಲ್ಲರಿಗೂ ತಿಳಿದವು. 1977ರಿಂದ 1981ರವರೆಗೆ ಅದೇ ನಾಟಕ ಶಾಲೆಯ ನಿರ್ದೇಶಕರು, ಆಮೇಲೆ ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಪ್ರಶಸ್ತಿಗಳ ಪಟ್ಟಿಯನ್ನು ಇಲ್ಲಿ ಓದುವುದಿಲ್ಲ.

ಅವರು ಏನು ಕಲಿಸಿದರು ಎಂಬುದು ನನ್ನ ಇಂದಿನ ವಿಷಯ. ನಾನು ಓದಿದ್ದು ಭೌತಶಾಸ್ತ್ರ, ಹಾಗಾಗಿ ಶಬ್ದದ ಕಡೆಯಿಂದಲೇ ಹೇಳುತ್ತೇನೆ. ನಮ್ಮ ಕಡೆಯ ಯಕ್ಷಗಾನದಲ್ಲಿ ಹಾಸ್ಯಗಾರ ರಂಗಸ್ಥಳಕ್ಕೆ ಬಂದು ಭಾಗವತರೊಡನೆ ಮಾತಿಗಿಳಿಯುವುದನ್ನು ನೆನಪಿಸಿಕೊಳ್ಳಿ. ಅವನು ಒಂದು ಮಾತು ಆಡುತ್ತಾನೆ, ಭಾಗವತರು ಅದಕ್ಕೊಂದು ಕೊಕ್ಕೆ ಹಾಕುತ್ತಾರೆ, ಚೆಂಡೆ ಒಂದು ಪೆಟ್ಟು ಕೊಡುತ್ತದೆ, ಜನ ನಗುತ್ತಾರೆ. ಆ ನಗು ಏರಿ ಇಳಿಯತೊಡಗಿದ ಕ್ಷಣದಲ್ಲೇ ಹಾಸ್ಯಗಾರನ ಮುಂದಿನ ಮಾತು ಬರಬೇಕು. ಮೊದಲೇ ಬಂದರೆ ನಗುವಿನಲ್ಲಿ ಮುಳುಗಿಹೋಗುತ್ತದೆ. ನಗು ಪೂರಾ ಆರಿದ ಮೇಲೆ ಬಂದರೆ ಮತ್ತೆ ಒಲೆ ಹೊತ್ತಿಸಬೇಕು. ಇದನ್ನು ಗಡಿಯಾರ ನೋಡಿ ಮಾಡಲಾಗದು, ಕಿವಿಯಿಂದ ಮಾಡಬೇಕು.

ಕಾರಂತರ ರಂಗಸಂಗೀತದ ಗುಟ್ಟು ಇದೇ ಎಂದು ನನಗೆ ಅನಿಸುತ್ತದೆ. ಅವರ ಸಂಗೀತ ನಾಟಕದ ಹಿಂದೆ ನಿಲ್ಲುವುದಿಲ್ಲ, ನಟನ ಎದುರು ನಿಂತು ಉತ್ತರ ಕೊಡುತ್ತದೆ. ಕೈಗೆ ಸಿಕ್ಕ ವಸ್ತುವಿನಿಂದ ಸದ್ದು ಹೊರಡಿಸುತ್ತಿದ್ದರು. ಅದು ಚಮತ್ಕಾರಕ್ಕಲ್ಲ, ನಟನ ಕಿವಿ ತೆರೆಯಲಿ ಎಂದು. ಅವರು ಕನ್ನಡದಲ್ಲಿ ಆಡಿಸಿದ, ಹಿಂದಿಗೂ ತಂದ ಕಾರ್ನಾಡರ 'ಹಯವದನ'ದಲ್ಲಿ ಭಾಗವತನಿದ್ದಾನೆ, ತೆರೆಯಿದೆ. ಪೂರ್ಣ ಮನುಷ್ಯನಾಗಲು ಹೊರಟ ಕುದುರೆಮುಖದವನು ಕೊನೆಗೆ ಪೂರ್ಣ ಕುದುರೆಯೇ ಆಗುತ್ತಾನೆ. ನಗುವಾಗಲೇ ಎದೆಯಲ್ಲಿ ಏನೋ ಚುಚ್ಚುತ್ತದೆ. ಭಾರತೇಂದು ಹರಿಶ್ಚಂದ್ರರ 'ಅಂಧೇರ್ ನಗರಿ'ಯನ್ನು ಅವರು ಎತ್ತಿಕೊಂಡದ್ದೂ ಅದೇ ರುಚಿಯಿಂದ. ಎಲ್ಲ ಸರಕಿಗೂ ಒಂದೇ ಬೆಲೆಯಿರುವ ಆ ಊರಿನ ದಡ್ಡ ರಾಜ ತಾನೇ ನೇಣುಗಂಬ ಏರುತ್ತಾನೆ. ಅದೇ ಕಾರಂತರು 1979ರಲ್ಲಿ 'ಮ್ಯಾಕ್‌ಬೆತ್' ಅನ್ನು ಯಕ್ಷಗಾನದ ಹೆಜ್ಜೆಯಲ್ಲಿ 'ಬರ್ನಮ್ ವನ'ವಾಗಿ ದಿಲ್ಲಿಯಲ್ಲಿ ಆಡಿಸಿದರು. ದುರಂತಕ್ಕೂ ಹಾಸ್ಯಕ್ಕೂ ಅವರ ಪಾಠ ಒಂದೇ: ಮೊದಲು ಕೇಳು.

ಭೋಪಾಲದಲ್ಲಿ ಅವರು ನಟರನ್ನು ಬುಂದೇಲಿಯಂಥ ಊರಮಾತುಗಳಲ್ಲೇ ಆಡಲು ಬಿಟ್ಟರಷ್ಟೆ. ಬಂಟ್ವಾಳದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುಸ್ತಕದ ಕನ್ನಡದಲ್ಲಿ ಮುಗುಳ್ನಗುವ ನಮ್ಮವರು ತುಳುವಿನಲ್ಲಿ ಒಂದು ಮಾತು ಬಿದ್ದರೆ ಕುರ್ಚಿ ಅಲುಗಾಡುವಂತೆ ನಗುತ್ತಾರೆ.

ಇನ್ನು ನಮ್ಮ ಟೆಲಿವಿಷನ್. ಕಾರಂತರು ಸ್ಟುಡಿಯೋದ ಮನುಷ್ಯರಲ್ಲ. ಆದರೆ ಅವರು ಅಲ್ಲಿದ್ದ ಕಾಲದ ದಿಲ್ಲಿ ಶಾಲೆಯ ಅಂಗಳದಿಂದ ಟೆಲಿವಿಷನ್ನಿಗೂ ಹಾಸ್ಯಕ್ಕೂ ಎಷ್ಟು ಜನ ಬಂದರು ನೋಡಿ. 1989ರಲ್ಲಿ ದೂರದರ್ಶನದಲ್ಲಿ ಹಗಲುಗನಸು ಕಾಣುತ್ತ ಮುಂಗೇರಿಲಾಲನಾದ ರಘುವೀರ್ ಯಾದವ್ ಆ ಶಾಲೆಯವರು. ಅವರೂ ಮನೆಬಿಟ್ಟು ಪಾರ್ಸಿ ಶೈಲಿಯ ನಾಟಕ ಕಂಪನಿ ಸೇರಿದ್ದವರೇ! 1983ರ 'ಜಾನೆ ಭಿ ದೋ ಯಾರೋ' ಚಿತ್ರದ ಸಂಭಾಷಣೆಯಲ್ಲಿ ಕೈಯಾಡಿಸಿದ ಸತೀಶ್ ಕೌಶಿಕ್ ಕೂಡ ಅಲ್ಲಿಯವರು. ನಮ್ಮಲ್ಲಿ ಮಂಡ್ಯ ರಮೇಶ್ ಇದ್ದಾರೆ. ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ಕಾರಂತರೊಡನೆ ಇದ್ದು, ಸಿನಿಮಾ ಮಾಡಿ, 'ಮಜಾ ಟಾಕೀಸ್'ನಲ್ಲಿ ಮನೆಮನೆಯ ಜನರನ್ನು ನಗಿಸಿದವರು. ಮೈಸೂರಿನಲ್ಲಿ 'ನಟನ' ರಂಗಶಾಲೆ ಕಟ್ಟಿ ತಾವೂ ಮೇಷ್ಟ್ರಾದರು. ಹಾಸ್ಯದ ಷೋ ಎಂದರೆ ಮೂಗು ಮುರಿಯುವ ರಂಗಕರ್ಮಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಗುಬ್ಬಿ ವೀರಣ್ಣನವರನ್ನು ಮರೆತವರು ಮಾತ್ರ ಹಾಗೆ ಮೂಗು ಮುರಿದಾರು.

ಈಗ ಎಡಿಟಿಂಗ್ ಕೋಣೆಯ ಮಾತು. ಸ್ಟುಡಿಯೋದಲ್ಲಿ ನಟನಿಗೆ ಜನರ ನಗು ಕೇಳುವುದಿಲ್ಲ. ಆದ್ದರಿಂದ ನಾವು ಮುದ್ರಿಸಿಟ್ಟ ನಗುವನ್ನು ಅಂಟಿಸುತ್ತೇವೆ. ನಾನೂ ಅಂಟಿಸಿದ್ದೇನೆ, ವರ್ಷಗಟ್ಟಲೆ. ಅದು ನಟನ ಮಾತು ಕೇಳದೆ ಬಡಿಯುವ ಚೆಂಡೆ. ಒಮ್ಮೆ ಒಂದು ಹಾಸ್ಯ ಪ್ರಹಸನವನ್ನು ಕತ್ತರಿಸುತ್ತಿದ್ದೆ. ವಯಸ್ಸಾದ ನಟರೊಬ್ಬರು, ನಾಟಕದಲ್ಲಿ ಪಳಗಿದವರು, ತಮ್ಮ ಪ್ರತಿ ಮಾತಿನ ನಂತರ ಒಂದಿಷ್ಟು ನಿಲ್ಲುತ್ತಿದ್ದರು. ನಿಧಾನವಾಯಿತೆಂದು ನಾನು ಆ ಜಾಗಗಳನ್ನೆಲ್ಲ ಕತ್ತರಿಸಿ ಎಸೆದೆ. ಪ್ರಸಾರವಾದಾಗ ನಮ್ಮ ಮನೆಯಲ್ಲೇ ಯಾರೂ ನಗಲಿಲ್ಲ. ಅಮ್ಮ "ಇವರು ಯಾಕೆ ಓಡುತ್ತಾ ಮಾತಾಡುವುದು ಮಗಾ?" ಎಂದು ಕೇಳಿದರು. ಆ ನಟರು ನಿಂತದ್ದು ಮರೆವಿನಿಂದಲ್ಲ. ಕಾಣದ ಜನರ ನಗುವನ್ನು ಕೇಳಿಸಿಕೊಳ್ಳಲು.

ಕಾರಂತರು 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಮರುವರ್ಷ ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಬಂತು. ನಾಟಕ ಆಡಿದ ರಾತ್ರಿಗೇ ಮುಗಿಯುತ್ತದೆ, ತಾಲೀಮಂತೂ ಯಾವ ಟೇಪಿನಲ್ಲೂ ಪೂರ್ತಿ ಉಳಿಯುವುದಿಲ್ಲ. ಉಳಿದದ್ದು ಶಿಷ್ಯರ ಕಿವಿಗಳಲ್ಲಿ.

ಮುಂದಿನ ಹಾಸ್ಯ ಕಾರ್ಯಕ್ರಮಕ್ಕೆ ನಾನು ಅಂಟಿಸುವ ನಗು ಬಿಟ್ಟೆ. ಚಿತ್ರೀಕರಣದ ದಿನ ಕ್ಯಾಮೆರಾದ ಹಿಂದೆ ಬೆಂಚು ಹಾಕಿಸಿ, ಕ್ಯಾಂಟೀನಿನ ಹುಡುಗರನ್ನೂ ಡ್ರೈವರುಗಳನ್ನೂ ಕರೆಸಿ ಕೂರಿಸಿದೆ. ಸೌಂಡ್ ರೆಕಾರ್ಡಿಸ್ಟ್ ಗೊಣಗಿದರು, ಗಲಾಟೆ ಮೈಕಿಗೆ ಬರುತ್ತದೆ ಎಂದು.

"ಬರಲಿ ಸಾರ್," ಎಂದೆ.