ಬೇರು ಸಮೇತ ಬಿದ್ದ ಹಾಲುಹಲ್ಲು



ಮಗುವಿನ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಎಸೆಯುವ ಮುನ್ನ ಆ ಹಲ್ಲನ್ನೊಮ್ಮೆ ತಿರುಗಿಸಿ ನೋಡಿ.

ಆರೇಳು ವರ್ಷಕ್ಕೆ ತಾನಾಗಿ ಬೀಳುವ ಹಲ್ಲಿಗೆ ಬೇರು ಉಳಿದಿರುವುದಿಲ್ಲ. ಹೊಸ ಹಲ್ಲು ಮೇಲೇಳುತ್ತಿದ್ದಂತೆ ಹಳೆಯದರ ಬೇರು ಕರಗುತ್ತದೆ. ಕೈಗೆ ಸಿಗುವುದು ತಳ ಟೊಳ್ಳಾದ ಪುಟ್ಟ ಚೂರು. ಆದರೆ ಎರಡು ಮೂರು ವರ್ಷದ ಕೂಸಿನ ಮುಂದಿನ ಹಲ್ಲು, ಪೆಟ್ಟಿಲ್ಲದೆ, ಹುಳುಕಿಲ್ಲದೆ, ಉದ್ದನೆಯ ಬೇರಿನ ಸಮೇತ ಕಳಚಿ ಬಂದರೆ ಸುಮ್ಮನಿರಬೇಡಿ. ಹೈಪೋಫಾಸ್ಫಟೇಸಿಯಾ ಎಂಬ ಆನುವಂಶಿಕ ಕಾಯಿಲೆಯ ಮೊದಲ ಸುಳಿವು ಎಷ್ಟೋ ಸಲ ಇದೇ. ಒಂದು ಜೀನ್‌ನ ದೋಷದಿಂದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕಡಿಮೆಯಾಗುತ್ತದೆ. ಬೇರನ್ನು ದವಡೆಯಲ್ಲಿ ಹಿಡಿದಿಡುವ ಸಿಮೆಂಟಮ್ ಪದರ ಸರಿಯಾಗಿ ಕಟ್ಟುವುದಿಲ್ಲ. ಮೂಳೆಗಳೂ ಮೆತ್ತಗಾಗಬಹುದು.

ಪತ್ತೆಗೆ ದುಬಾರಿ ಪರೀಕ್ಷೆಯಿಂದ ಶುರುಮಾಡಬೇಕಿಲ್ಲ. ಲಿವರ್ ಪರೀಕ್ಷೆಯ ಜೊತೆ ಬರುವ ಎಎಲ್‌ಪಿ, ಅಂದರೆ ಇದೇ ಕಿಣ್ವದ ಮಟ್ಟ, ಮೊದಲಿಗೆ ಸಾಕು. ಅದು ಹೆಚ್ಚಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ, ಕಡಿಮೆಯಿದ್ದರೆ ಗಮನಿಸುವವರು ವಿರಳ. ಮಕ್ಕಳಲ್ಲಿ ಅದು ದೊಡ್ಡವರಿಗಿಂತ ಹೆಚ್ಚಿರುವುದೇ ಸಹಜ. ಹಾಗಾಗಿ ಮಗುವಿನ ವಯಸ್ಸಿಗೆ ಹೋಲಿಸಿ ಹೇಳಿ ಎಂದು ವೈದ್ಯರನ್ನು ಕೇಳಿ. ಮೂಳೆ ಗಟ್ಟಿಯಾಗಲೆಂದು ನೀವೇ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡಬೇಡಿ. 2015ರಿಂದ ಕೊರತೆಯಾದ ಕಿಣ್ವವನ್ನೇ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆ ಕೆಲವು ದೇಶಗಳಲ್ಲಿದೆ.

ಹಲ್ಲು ಬೇಗ ಅಲುಗಾಡುವುದಕ್ಕೆ ಬೇರೆ ಕಾರಣಗಳೂ ಇವೆ. ಅಂಗೈ ಅಂಗಾಲು ದಪ್ಪಗಾಗಿ ಬಿರಿದು, ಒಸಡು ಊದಿಕೊಂಡು ಹಲ್ಲುಗಳು ಸಡಿಲವಾದರೆ ಅದು ಪ್ಯಾಪಿಲಾನ್–ಲೆಫೆವ್ರ್ ಕಾಯಿಲೆ ಇರಬಹುದು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗುವ ನಮ್ಮ ಕುಟುಂಬಗಳಲ್ಲಿ ಆ ಸಾಧ್ಯತೆ ಹೆಚ್ಚು. ಇನ್ನು ಕಾಲು ಬಿಲ್ಲಿನಂತೆ ಬಾಗಿದ ಮಗುವಿಗೆ ಹುಳುಕಿಲ್ಲದ ಹಲ್ಲಿನ ಬುಡದಲ್ಲೇ ಕೀವು ತುಂಬಿದರೆ, ರಕ್ತದಲ್ಲಿ ಫಾಸ್ಫೇಟ್ ಕಡಿಮೆಯಿದೆಯೇ ಎಂದು ನೋಡಿಸಿ.

ಇಂಥ ಮಕ್ಕಳಿರುವ ಮನೆಗಳಲ್ಲಿ ತಾಯಿಯ ಮೇಲೆ ಗೂಬೆ ಕೂರಿಸುವುದನ್ನು ಕಂಡು ನನಗೆ ತುಂಬಾ ಸಂಕಟವಾಗಿದೆ. ಬಸುರಿಯಾಗಿದ್ದಾಗ ಸರಿಯಾಗಿ ಉಣ್ಣಲಿಲ್ಲ, ಮಗುವಿಗೆ ಸಿಹಿ ಕೊಟ್ಟಳು ಎಂದೆಲ್ಲ ಆಡುತ್ತಾರೆ. ಜೀನ್‌ನ ದೋಷಕ್ಕೆ ಅವಳ ಊಟ ಕಾರಣವಲ್ಲ.

ಐದು ತುಂಬುವ ಮೊದಲೇ ಹಲ್ಲು ಬಿದ್ದರೆ ದಂತವೈದ್ಯರನ್ನೂ ಮಕ್ಕಳ ವೈದ್ಯರನ್ನೂ ಕಾಣಿ. ಮನೆಯಲ್ಲಿ ಇನ್ಯಾರಿಗೆ ಚಿಕ್ಕಂದಿನಲ್ಲೇ ಹಲ್ಲು ಹೋಗಿತ್ತು, ನಿಮ್ಮದು ರಕ್ತಸಂಬಂಧದ ಮದುವೆಯೇ ಎಂಬುದನ್ನು ಸಂಕೋಚವಿಲ್ಲದೆ ಹೇಳಿ.