ಬಟ್ಟೆ ಒಗೆಯುವ ಯಂತ್ರ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ



ಮನೆಗೆ ವಾಷಿಂಗ್ ಮಷಿನ್ ಕೊಳ್ಳಬೇಕೆಂದು ತೀರ್ಮಾನವಾದಾಗ ಹಿರಿಯರು ನಿಮ್ಮ ಕಡೆ ತಿರುಗುತ್ತಾರೆ. "ನೀನು ಓದಿದವಳು, ಯಾವುದು ಒಳ್ಳೆಯದು ನೋಡಿ ಹೇಳಮ್ಮ" ಎನ್ನುತ್ತಾರೆ. ಆಗ ನೀವು ಜಾಹೀರಾತು ನೋಡಿ ಹೇಳುತ್ತೀರೋ, ಲೆಕ್ಕ ಹಾಕಿ ಹೇಳುತ್ತೀರೋ? ಸಾಧಾರಣ ಕುಟುಂಬಕ್ಕೆ ಇದು ಸಣ್ಣ ಖರ್ಚಲ್ಲ. ಕೊಂಡ ಯಂತ್ರ ಕೆಲಸಕ್ಕೆ ಬಾರದೆ ಮೂಲೆ ಸೇರಿದರೆ ಹಣವೂ ಹೋಯಿತು, ಒಗೆಯುವ ಕಲ್ಲಿನ ಮುಂದೆ ಬಗ್ಗಿ ನಿಲ್ಲುವ ಅಮ್ಮನ ಸೊಂಟನೋವೂ ಉಳಿಯಿತು. ಸರಿಯಾದ ಆಯ್ಕೆಗೆ ನೀವು ತರಗತಿಯಲ್ಲಿ ಕಲಿತ ವಿಜ್ಞಾನವೇ ಸಾಕು. ಅದನ್ನು ಬಳಸುವ ಬಗೆಯನ್ನು ಇಂದು ನೋಡೋಣ.

ಮೊದಲು ನೀರು, ಆಮೇಲೆ ಯಂತ್ರ

ಬೆಂಗಳೂರಿನ ವಾಯವ್ಯಕ್ಕಿರುವ ಚಿಕ್ಕಬಾಣಾವರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿ ಕೊಳವೆಯಲ್ಲಿ ನೀರು ಬಂದದ್ದು ಇಲ್ಲಿಗೆ ಹತ್ತಿರದ ಹೆಸರಘಟ್ಟ ಕೆರೆಯಿಂದ. ಆ ನೀರನ್ನು ನಗರಕ್ಕೆ ಎತ್ತಿ ಕಳಿಸಿದ ಪಂಪುಮನೆ ಪಕ್ಕದ ಸೋಲದೇವನಹಳ್ಳಿಯಲ್ಲಿತ್ತು. ನಗರಕ್ಕೆ ನೀರು ಕೊಟ್ಟ ಈ ಭಾಗದಲ್ಲೇ ಇಂದು ಎಷ್ಟೋ ಮನೆಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿಕೊಂಡಿವೆ. ನೀರು ಮೊದಲು ಸಂಪಿಗೆ, ಅಲ್ಲಿಂದ ತಾರಸಿಯ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ ಬರುತ್ತದೆ. ಹೀಗಾಗಿ ಎರಡು ಪ್ರಶ್ನೆಗಳು ಏಳುತ್ತವೆ: ನಲ್ಲಿಯಲ್ಲಿ ಒತ್ತಡ ಎಷ್ಟು? ನೀರಿನ ಗಡಸುತನ ಎಷ್ಟು?

ಒತ್ತಡದ ಲೆಕ್ಕ ಸುಲಭ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಪೂರ್ಣ ಸ್ವಯಂಚಾಲಿತ ಯಂತ್ರಗಳು ಸಾಮಾನ್ಯವಾಗಿ 0.3ರಿಂದ 0.5 ಬಾರ್ ಕೇಳುತ್ತವೆ, ಅಂದರೆ ನಲ್ಲಿಯಿಂದ ಟ್ಯಾಂಕಿನ ನೀರಿನವರೆಗೆ ಮೂರರಿಂದ ಐದು ಮೀಟರ್ ಎತ್ತರ. ತಾರಸಿಯ ನೇರ ಕೆಳಗಿನ ಮನೆಯಲ್ಲಿ ನಲ್ಲಿ ನೆಲದಿಂದ ಒಂದು ಮೀಟರ್ ಮೇಲಿದ್ದು, ತಾರಸಿ ಮೂರು ಮೀಟರ್ ಎತ್ತರದಲ್ಲಿದೆ ಎನ್ನಿ. ಟ್ಯಾಂಕನ್ನು ತಾರಸಿಯ ಮೇಲೇ ಕೂರಿಸಿದ್ದರೆ, ನೀರು ತಳ ಸೇರುವಾಗ ಸಿಗುವುದು ಎರಡು ಮೀಟರ್, ಎಂದರೆ 0.2 ಬಾರ್ ಮಾತ್ರ. ಯಂತ್ರ ನೀರಿಗಾಗಿ ಕಾಯುತ್ತಾ ನಿಲ್ಲುತ್ತದೆ, ಮನೆಯವರು ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದೇ ಕಟ್ಟಡದ ಒಂದು ಅಂತಸ್ತು ಕೆಳಗಿನ ಮನೆಯಲ್ಲಿ ಅದೇ ಯಂತ್ರ ಸರಾಗವಾಗಿ ನಡೆಯುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ತಾರಸಿ ಹತ್ತಿ ಅಳೆದುಕೊಳ್ಳಿ.

ಗಡಸುತನಕ್ಕೆ ಒಂದು ಪ್ರಯೋಗ ಮಾಡಿ. ಒಂದು ಬಾಟಲಿಗೆ ಅರ್ಧ ಕೊಳವೆಬಾವಿಯ ನೀರು, ಇನ್ನೊಂದಕ್ಕೆ ಅಷ್ಟೇ ಮಳೆನೀರು ಹಾಕಿ. ಎರಡಕ್ಕೂ ಸ್ನಾನದ ಸೋಪಿನ ಸಮನಾದ ಚೂರು ಹಾಕಿ ಕುಲುಕಿ. ಮಳೆನೀರು ನೊರೆಗಟ್ಟುತ್ತದೆ. ಗಡಸು ನೀರಿನಲ್ಲಿ ನೊರೆ ಕಡಿಮೆ, ಬಿಳಿ ಗಸಿ ಹೆಚ್ಚು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಆ ಗಸಿಯಾಗುತ್ತವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅನುಮತಿಯಿದೆ. ಗಡಸು ನೀರನ್ನು ಕಾಯಿಸಿದಾಗ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ ಹೀಟರಿಗೆ ಸುಣ್ಣದ ಪದರವಾಗಿ ಕಟ್ಟಿಕೊಳ್ಳುತ್ತದೆ. ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ನೀವು ನೋಡಿರುವ ಬಿಳಿ ಪದರವೂ ಇದೇ.

ಮೂರು ಬಗೆಯ ಯಂತ್ರಗಳು

ಮೊದಲನೆಯದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಒಂದರಲ್ಲಿ ಒಗೆತ, ಇನ್ನೊಂದರಲ್ಲಿ ಹಿಂಡುವಿಕೆ. ಬೆಲೆ ಎಲ್ಲಕ್ಕಿಂತ ಕಡಿಮೆ. ಬಕೆಟಿನಲ್ಲಿ ನೀರು ಸುರಿದರೂ ನಡೆಯುತ್ತದೆ, ಒತ್ತಡದ ತೊಂದರೆಯಿಲ್ಲ. ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ನಂತರ ಬಣ್ಣದ್ದು, ಕೊನೆಗೆ ಕಾಲೊರಸು ಒಗೆಯಬಹುದು. ನೀರನ್ನು ಹಣ ಕೊಟ್ಟು ತರಿಸುವ ಮನೆಗೆ ಇದು ದೊಡ್ಡ ಅನುಕೂಲ. ಆದರೆ ಬಟ್ಟೆಯನ್ನು ಕೈಯಿಂದ ಎತ್ತಿ ಹಾಕುತ್ತಾ ಯಾರಾದರೂ ಪಕ್ಕದಲ್ಲೇ ಇರಬೇಕು.

ಎರಡನೆಯದು ಮೇಲಿನಿಂದ ಬಟ್ಟೆ ಹಾಕುವ ಪೂರ್ಣ ಸ್ವಯಂಚಾಲಿತ ಯಂತ್ರ. ಗುಂಡಿ ಒತ್ತಿ ಕಾಲೇಜಿಗೆ ಹೊರಡಬಹುದು. ಆದರೆ ಜಾಲಿಸುವ ಪ್ರತಿ ಸಲವೂ ಹೊಸ ನೀರು ಕೇಳುತ್ತದೆ.

ಮೂರನೆಯದು ಮುಂದಿನಿಂದ ಬಟ್ಟೆ ಹಾಕುವ ಯಂತ್ರ. ನೀರು ಕಡಿಮೆ, ಒಗೆತ ಚೊಕ್ಕ. ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು, ಒಳಗೆ ನೀರು ಕಾಯಿಸುವ ಹೀಟರ್ ಇರುತ್ತದೆ. ಗಡಸು ನೀರಿನ ಮನೆಯಲ್ಲಿ ಸುಣ್ಣ ತೆಗೆಯುವ ಕೆಲಸವನ್ನು ತಪ್ಪದೆ ಮಾಡಬೇಕು.

ವಿದ್ಯುತ್ತಿನ ಲೆಕ್ಕವನ್ನೂ ನೋಡಿ. ನಾನೂರು ವಾಟಿನ ಮೋಟಾರು ಹದಿನೈದು ನಿಮಿಷ ತಿರುಗಿದರೆ ಖರ್ಚು 0.1 ಯೂನಿಟ್. ಇಪ್ಪತ್ತು ಲೀಟರ್ ನೀರನ್ನು 30ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾದದ್ದು ಸುಮಾರು 0.7 ಯೂನಿಟ್. ಬಿಲ್ಲು ಏರಿಸುವುದು ಮುಖ್ಯವಾಗಿ ಬಿಸಿನೀರು ಎಂದಾಯಿತು.

ಮಾರಾಟಗಾರರು ಹಿಂಡುವ ತೊಟ್ಟಿಯ ವೇಗವನ್ನು ಒತ್ತಿ ಹೇಳುತ್ತಾರೆ. ನಿಮಿಷಕ್ಕೆ 1300 ಸುತ್ತು ತಿರುಗುವ, ಹತ್ತು ಸೆಂಟಿಮೀಟರ್ ತ್ರಿಜ್ಯದ ಸಣ್ಣ ತೊಟ್ಟಿಯಲ್ಲಿ ಬಟ್ಟೆಯ ಮೇಲೆ ಗುರುತ್ವದ ಸುಮಾರು 190 ಪಟ್ಟು ಬಲ ಬೀಳುತ್ತದೆ. 700 ಸುತ್ತು ತಿರುಗುವ, ಇಪ್ಪತ್ತು ಸೆಂಟಿಮೀಟರ್ ತ್ರಿಜ್ಯದ ಪೀಪಾಯಿಯಲ್ಲಿ ಸುಮಾರು 110 ಪಟ್ಟು. ವೇಗ ಹೆಚ್ಚುಕಡಿಮೆ ಅರ್ಧವಾದರೂ ಬಲ ಕಾಲುಭಾಗಕ್ಕೆ ಇಳಿಯದಿರುವುದು ತ್ರಿಜ್ಯ ದೊಡ್ಡದಾದ್ದರಿಂದ. ಸೂತ್ರ ನಿಮಗೆ ಗೊತ್ತು, ಕುಳಿತು ಪರೀಕ್ಷಿಸಿ.

ನಂಬಿಕೆಗೆ ಅರ್ಹ ಎಂದರೇನು?

ಕೆಡದ ಯಂತ್ರವಿಲ್ಲ. ಕೆಟ್ಟಾಗ ನಿಮ್ಮ ಊರಿನಲ್ಲೇ, ಕಡಿಮೆ ಖರ್ಚಿನಲ್ಲಿ, ಬೇಗ ರಿಪೇರಿಯಾಗುವ ಯಂತ್ರವೇ ನಂಬಿಕೆಗೆ ಅರ್ಹ. ಸೆಮಿ ಆಟೋಮ್ಯಾಟಿಕ್ ಯಂತ್ರದ ಒಳಗೆ ಎರಡು ಮೋಟಾರು, ಕೆಪಾಸಿಟರು, ಬೆಲ್ಟು, ಟೈಮರು ಇರುತ್ತವೆ. ಸಾಧಾರಣ ಮೆಕ್ಯಾನಿಕ್ ಕೂಡ ಬದಲಾಯಿಸಬಲ್ಲ ಭಾಗಗಳು ಇವು. ಸ್ವಯಂಚಾಲಿತ ಯಂತ್ರದಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ವೋಲ್ಟೇಜ್ ಏರಿಳಿದರೆ ಅದು ಸುಟ್ಟುಹೋಗಬಹುದು, ಬದಲಾಯಿಸಲು ಹಣವೂ ಹೆಚ್ಚು. ಯಂತ್ರವನ್ನು ಬಗ್ಗಿ ಕೆಳಗಿನಿಂದಲೂ ನೋಡಿ. ತಳ ತೆರೆದಿದ್ದರೆ ಇಲಿ ನುಗ್ಗಿ ತಂತಿ ಕಡಿಯುತ್ತದೆ.

ಹೆಸರೊಂದನ್ನೇ ನಂಬಬೇಡಿ. 1990ರ ದಶಕದಲ್ಲಿ ವಿಡಿಯೋಕಾನ್ ಮತ್ತು ಬೆಂಗಳೂರಿನ ಬಿಪಿಎಲ್ ಯಂತ್ರಗಳು ಮನೆಮಾತಾಗಿದ್ದವು. ಬಿಪಿಎಲ್ ಕಾಲಕ್ರಮೇಣ ಆ ಸ್ಥಾನ ಕಳೆದುಕೊಂಡಿತು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಆದ್ದರಿಂದ ಸರ್ವೀಸ್ ಕೇಂದ್ರ ಎಲ್ಲಿದೆ, ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿ. ಹತ್ತು ವರ್ಷದ ವಾರಂಟಿ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದು ಬಹುತೇಕ ಮೋಟಾರಿಗೆ ಮಾತ್ರ. ಇಡೀ ಯಂತ್ರಕ್ಕೆ ಎಷ್ಟು ವರ್ಷ ಎಂಬುದನ್ನು ಬಿಲ್ಲಿನ ಜೊತೆ ಬರೆಸಿಕೊಳ್ಳಿ. ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆಂಬಲಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಸುರಕ್ಷತೆಯಲ್ಲಿ ರಾಜಿ ಬೇಡ. ಮೂರು ಪಿನ್ನಿನ, ಭೂಸಂಪರ್ಕವುಳ್ಳ ಪ್ರತ್ಯೇಕ ಸಾಕೆಟ್ ಇರಲಿ. ಅದು ಒದ್ದೆಯಾಗದ ಜಾಗದಲ್ಲಿರಲಿ. ಹಿಂಡುವ ತೊಟ್ಟಿ ಪೂರ್ತಿ ನಿಲ್ಲುವವರೆಗೆ ಕೈ ಹಾಕಕೂಡದು.

ಸೋಪಿನ ಪುಡಿಯನ್ನು ಅಳೆದು ಹಾಕಿ. ಹೆಚ್ಚು ನೊರೆ ಎಂದರೆ ಹೆಚ್ಚು ಶುಭ್ರ ಎಂಬುದು ತಪ್ಪು ತಿಳಿವಳಿಕೆ. ಜಾಲಿಸಲು ಇನ್ನಷ್ಟು ನೀರು ಖರ್ಚು ಅಷ್ಟೆ. ಆ ನೀರು ಶುದ್ಧೀಕರಣವಾಗದೆ ಚರಂಡಿಯಲ್ಲಿ ಹರಿದರೆ ಕೊನೆಗೆ ಸೇರುವುದು ಯಾವುದೋ ಕೆರೆಯನ್ನು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೇ ಹಾರಿ ಬಂದದ್ದನ್ನು ಇಡೀ ನಗರ ನೋಡಿತು. ಚಿಕ್ಕಬಾಣಾವರದಲ್ಲೂ ಒಂದು ಕೆರೆಯಿದೆ ಎಂಬುದು ನೆನಪಿರಲಿ.

ಯಾರ ಸಮಯ?

ಸ್ವೀಡನ್ನಿನ ವಿದ್ವಾಂಸ ಹ್ಯಾನ್ಸ್ ರೋಸ್ಲಿಂಗ್ 2010ರ ಒಂದು ಉಪನ್ಯಾಸದಲ್ಲಿ ತಮ್ಮ ಮನೆಗೆ ಮೊದಲ ಬಟ್ಟೆಯಂತ್ರ ಬಂದ ಸಂಗತಿ ಹೇಳಿದ್ದರು. ಯಂತ್ರ ಉಳಿಸಿಕೊಟ್ಟ ಹೊತ್ತಿನಲ್ಲಿ ಅವರ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ನಮ್ಮ ಮನೆಗಳಲ್ಲಿ ಆ ಹೊತ್ತು ಯಾರಿಗೆ ಉಳಿಯುತ್ತದೆ? ಸೆಮಿ ಆಟೋಮ್ಯಾಟಿಕ್ ಯಂತ್ರದ ಬೆಲೆ ಕಡಿಮೆ ಎಂದೆ. ಉಳಿದ ಬೆಲೆಯನ್ನು ಪಕ್ಕದಲ್ಲಿ ನಿಲ್ಲುವವರು ಸಮಯದ ರೂಪದಲ್ಲಿ ತೆರುತ್ತಾರೆ. ಅದು ಯಾವಾಗಲೂ ಅಮ್ಮ, ಇಲ್ಲವೇ ಅಕ್ಕ ಆಗಿರಬೇಕಿಲ್ಲ. ಹುಡುಗರೂ ಸರದಿಯಲ್ಲಿ ನಿಲ್ಲುವುದಾದರೆ ನೀರಿನ ಅಭಾವವಿರುವ ಮನೆಗೆ ಅದೇ ಒಳ್ಳೆಯ ಯಂತ್ರ. ನಿಲ್ಲಲು ಯಾರಿಗೂ ಬಿಡುವಿಲ್ಲ, ನಲ್ಲಿಯಲ್ಲಿ ಒತ್ತಡವೂ ನೀರೂ ಸಾಕಷ್ಟಿದೆ ಎಂದಾದರೆ ಸ್ವಯಂಚಾಲಿತವನ್ನೇ ಕೊಳ್ಳಿ.

ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಳ್ಳಿ: ಟ್ಯಾಂಕಿನ ಎತ್ತರ, ನೀರಿನ ಗಡಸುತನ, ವಾರದ ಒಣ ಬಟ್ಟೆಯ ತೂಕ, ಹತ್ತಿರದ ರಿಪೇರಿಯವರ ವಿಳಾಸ, ಮನೆಯಲ್ಲಿ ಒಗೆಯುವ ಸರದಿ. ಮಾರಾಟಗಾರರು ಮಾತು ಆರಂಭಿಸುವ ಮೊದಲೇ ಆ ಚೀಟಿಯನ್ನು ಅವರ ಮುಂದಿಡಿ.