ಕಷಾಯ ಕುಡಿಯುವ ಮೊದಲು

(ಕಲಿಕಾ ಕೇಂದ್ರದಲ್ಲಿ ಹಳೆಯ ನರ್ಸಮ್ಮ ಒಬ್ಬರು ಆಡಿದ ಮಾತು)



ಮೊದಲು ಒಂದು ಮಾತು ಕೇಳ್ತೀನಿ. ಬಸುರಿಯಾಗಿದ್ದಾಗ, ದಿನ ತುಂಬುತ್ತಾ ಬಂದಾಗ, ನಿಮ್ಮಲ್ಲಿ ಎಷ್ಟು ಜನ ಹರಳೆಣ್ಣೆ ಕುಡಿದಿದ್ದೀರಿ? ಕೈ ಎತ್ತಿ. ನಾಚಿಕೆ ಬೇಡ. ಇಲ್ಲಿ ಯಾರೂ ಬಯ್ಯೋದಿಲ್ಲ.

ನೋಡಿ, ನಾನೂ ಕೈ ಎತ್ತಿದ್ದೀನಿ. ನನ್ನ ಚೊಚ್ಚಲು ಹೆರಿಗೆಗೆ ನಮ್ಮವ್ವನೇ ಕುಡಿಸಿದಳು. ಬಿಸಿ ಕಾಫಿಯಲ್ಲಿ ಬೆರೆಸಿ ಕೊಟ್ಟಳು. "ಕುಡಿ ಮಗಾ, ಹೆರಿಗೆ ಸಲೀಸಾಗ್ತದೆ" ಅಂದಳು. ಅವಳ ಪ್ರೀತಿ ಸುಳ್ಳಲ್ಲ. ಆದರೆ ಆ ರಾತ್ರಿ ಎಂಟು ಸಲ ಬಯಲಿಗೆ ಓಡಿದೆ. ಬೆಳಗಾಗುವಷ್ಟರಲ್ಲಿ ನಿಲ್ಲೋಕೂ ತ್ರಾಣ ಇರಲಿಲ್ಲ. ಹೆರಿಗೆ ಆದದ್ದು ಆರು ದಿನ ಬಿಟ್ಟು. ಸಲೀಸಾಗಿಯೂ ಆಗಲಿಲ್ಲ.

ಇವತ್ತು ನಾವು ಮಾತಾಡೋದು ಇದರ ಬಗ್ಗೆಯೇ. ಬಸುರಿಗೆ ಕೊಡುವ ಮನೆಮದ್ದಿನಲ್ಲಿ ಯಾವುದು ಇರಲಿ, ಯಾವುದು ಬೇಡ?

ಊಟ ಬೇರೆ, ಮದ್ದು ಬೇರೆ

ನಮ್ಮ ಅಡುಗೆಮನೆಯಲ್ಲಿ ಒಳ್ಳೆಯ ಪದಾರ್ಥ ಎಷ್ಟೋ ಇವೆ. ಜೀರಿಗೆ ನೀರು ಕುಡಿಯಿರಿ. ಕೊತ್ತಂಬರಿ ಬೀಜದ ಕಷಾಯ ಕುಡಿಯಿರಿ. ಸಾರಿಗೆ ಶುಂಠಿ, ಮೆಂತ್ಯ ಹಾಕಿ. ನುಗ್ಗೆ ಸೊಪ್ಪಿನ ಪಲ್ಯ ತಿನ್ನಿ. ರಾಗಿ, ಎಳ್ಳು, ಬೆಲ್ಲ, ಬೇಳೆ, ಮೊಟ್ಟೆ ತಿನ್ನಿ. ಇದೆಲ್ಲ ಊಟ. ಅಡುಗೆಗೆ ಹಾಕುವಷ್ಟು ಹಾಕಿದರೆ ಭಯವಿಲ್ಲ.

ಖರ್ಜೂರವೂ ಒಳ್ಳೆಯದು. ಜೋರ್ಡಾನ್ ಎಂಬ ದೇಶದಲ್ಲಿ ವೈದ್ಯರು ಇದನ್ನು ನೋಡಿದರು. ಕೆಲವು ಬಸುರಿಯರು ಕೊನೆಯ 4 ವಾರ ದಿನಕ್ಕೆ 6 ಖರ್ಜೂರ ತಿಂದರು. ಅವರಲ್ಲಿ ನೋವು ಬರಿಸುವ ಔಷಧಿ ಬೇಕಾದವರು ಕಡಿಮೆ. ಇದು 2011ರಲ್ಲಿ ಅಚ್ಚಾಯಿತು. ನೋಡಿದ್ದು ಸ್ವಲ್ಪ ಜನರನ್ನು ಮಾತ್ರ. ಆದರೂ ಖರ್ಜೂರ ಊಟವೇ. ತಿಂದರೆ ನಷ್ಟವಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು.

ಇನ್ನು ಮದ್ದಿನ ಮಾತು. ನೋವು ಬರಲಿ ಎಂದೇ ಕೊಡುವುದು ಮದ್ದು. ಹರಳೆಣ್ಣೆ ಮದ್ದು. ಬೇರು ಕುಟ್ಟಿ ಕುದಿಸಿದ ಗಟ್ಟಿ ಕಷಾಯ ಮದ್ದು. ಹೆಸರು ಹೇಳದೆ ಕೊಡುವ ಪುಡಿ, ಭಸ್ಮ ಮದ್ದು. ಕೆಲವು ಭಸ್ಮಗಳಲ್ಲಿ ಸೀಸ ಇರುತ್ತದೆ. ಸೀಸ ಮಗುವಿನ ಮೆದುಳಿಗೆ ವಿಷ.

"ಗಿಡಮೂಲಿಕೆ ಅಲ್ವಾ? ಅದರಿಂದ ಏನಾಗ್ತದೆ?" ಅಂತೀರಿ. ಎಕ್ಕದ ಗಿಡವೂ ಗಿಡವೇ. ಅದರ ಹಾಲು ಯಾರಾದರೂ ಕುಡೀತಾರಾ? ಗಿಡದಿಂದ ಬಂದದ್ದೆಲ್ಲ ಅಮೃತವಲ್ಲ.

ಇನ್ನೊಂದು ಮಾತು. ಮಾತ್ರೆಗೆ ಅಳತೆ ಇರುತ್ತದೆ. ಬೇರಿಗೆ ಅಳತೆ ಇಲ್ಲ. ಒಂದು ಹೊಲದ ಬೇರು ಸಪ್ಪೆ. ಇನ್ನೊಂದು ಹೊಲದ್ದು ಖಾರ. ಕುದಿಸಿದವರಿಗೂ ಅದರ ಬಲ ಎಷ್ಟೆಂದು ತಿಳಿಯದು.

ಹೊಟ್ಟೆಯೊಳಗೆ ಏನಾಗುತ್ತದೆ?

ಹೆರಿಗೆ ನೋವು ಅಂದರೆ ಗರ್ಭಕೋಶ ಹಿಂಡುವುದು. ಹಿಂಡುವಾಗ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ನೋವು ಬಿಟ್ಟಾಗ ಮತ್ತೆ ರಕ್ತ ಹೋಗುತ್ತದೆ. ನೋವು ಬರುವುದು, ಬಿಡುವುದು. ಬಿಟ್ಟಾಗಲೇ ಮಗು ಸುಧಾರಿಸಿಕೊಳ್ಳುತ್ತದೆ. ತಾಯಿಯೂ ಸುಧಾರಿಸಿಕೊಳ್ಳುತ್ತಾಳೆ.

ಮದ್ದಿನ ಬಲ ಹೆಚ್ಚಾದರೆ ನೋವಿಗೆ ಬಿಡುವೇ ಇಲ್ಲ. ಆಗ ಮಗುವಿಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಹಿಂದೆ ಆಪರೇಷನ್ ಆಗಿದ್ದರೆ ಗರ್ಭಕೋಶದಲ್ಲಿ ಹೊಲಿಗೆಯ ಗುರುತು ಇರುತ್ತದೆ. ವಿಪರೀತ ನೋವಿಗೆ ಅದು ಬಿಚ್ಚಿಕೊಳ್ಳಬಹುದು. ಆಗ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಹರಳೆಣ್ಣೆ ಕರುಳನ್ನು ಹಿಂಡುತ್ತದೆ. ಗರ್ಭಕೋಶವನ್ನೂ ಹಿಂಡಬಹುದು. ವಾಂತಿ, ಭೇದಿ ಆಗಿ ಮೈಯ ನೀರೆಲ್ಲ ಹೋಗುತ್ತದೆ. ಹೆರಿಗೆ ಅಂದರೆ ಗದ್ದೆ ಕೆಲಸಕ್ಕಿಂತ ಹೆಚ್ಚಿನ ಕೆಲಸ. ಅದಕ್ಕೆ ಮೊದಲೇ ತ್ರಾಣ ಕಳೆದುಕೊಂಡರೆ ಹೇಗೆ?

ನನ್ನ ತಪ್ಪು

ಈಗ ನನ್ನ ತಪ್ಪೊಂದನ್ನು ಹೇಳ್ತೀನಿ.

ಆಗ ನನಗೆ ನೌಕರಿ ಹೊಸದು. ಒಬ್ಬಳು ಬಸುರಿ ಹೊಟ್ಟೆ ಹಿಡಕೊಂಡು ಬಂದಳು. ಇನ್ನೂ ಎಂಟು ತಿಂಗಳು. ಅತ್ತೆ ಏನೋ ಕಷಾಯ ಕುಡಿಸಿದ್ದಳು. ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ಆ ಅತ್ತೆಯನ್ನು ಬಾಯಿಗೆ ಬಂದ ಹಾಗೆ ಬಯ್ದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸುದ್ದಿ ಊರೆಲ್ಲ ಹಬ್ಬಿತು.

ಮೂರು ತಿಂಗಳಾಯಿತು. ಅದೇ ಊರಿನಿಂದ ಇನ್ನೊಬ್ಬಳು ಬಂದಳು. ಚೊಚ್ಚಲು. ಅವಳ ಅಜ್ಜಿ ಜೊತೆಗಿದ್ದಳು. "ಏನಾದರೂ ಕುಡಿಸಿದ್ದೀರಾ?" ಅಂತ ಕೇಳಿದೆ. "ಇಲ್ಲ ಕಣಮ್ಮ" ಅಂದರು. ನೋವು ಸಾಲದು ಎಂದು ಆಸ್ಪತ್ರೆಯಲ್ಲಿ ಗ್ಲೂಕೋಸಿನಲ್ಲಿ ನೋವು ಬರುವ ಔಷಧಿ ಹಾಕಿದರು. ಸ್ವಲ್ಪ ಹೊತ್ತಿಗೆ ನೋವಿನ ಮೇಲೆ ನೋವು. ಬಿಡುವೇ ಇಲ್ಲ. ಮಗುವಿನ ಎದೆಬಡಿತ ಇಳಿಯಿತು. ವೈದ್ಯರು ಔಷಧಿ ನಿಲ್ಲಿಸಿ, ಓಡಿಬಂದು ಆಪರೇಷನ್ ಮಾಡಿದರು. ಮಗು ಹುಟ್ಟಿತು. ಆದರೆ ಅಳಲಿಲ್ಲ. ಆ ಹೊತ್ತು ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತು. ಕೊನೆಗೆ ಅತ್ತಿತು.

ಆಮೇಲೆ ಅಜ್ಜಿ ನನ್ನ ಕೈ ಹಿಡಕೊಂಡಳು. "ಬೆಳಿಗ್ಗೆ ಎರಡು ಲೋಟ ಕಷಾಯ ಕುಡಿಸಿದ್ದೆ ಕಣವ್ವ. ನೀನು ಬಯ್ತೀಯ ಅಂತ ಹೇಳಲಿಲ್ಲ" ಅಂದಳು.

ಅಕ್ಕಂದಿರೇ, ಅಲ್ಲಿ ತಪ್ಪು ಯಾರದು? ಕಷಾಯ ಕುಡಿಸಿದ್ದು ಅಜ್ಜಿ. ಆದರೆ ಅಜ್ಜಿಯ ಬಾಯಿ ಮುಚ್ಚಿಸಿದ್ದು ನಾನು. ಮೊದಲೇ ತಿಳಿದಿದ್ದರೆ ವೈದ್ಯರು ಬೇರೆ ದಾರಿ ನೋಡುತ್ತಿದ್ದರು. ಅವತ್ತಿನಿಂದ ನಾನು ಬಯ್ಯೋದನ್ನು ಬಿಟ್ಟೆ. ಕೇಳೋದನ್ನು ಕಲಿತೆ.

ಅದಕ್ಕೇ ನಿಮಗೆ ಹೇಳ್ತೀನಿ. ನೋವು ಬರಿಸುವ ಮದ್ದು ಮನೇಲಿ ಬೇಡ. ಒಂದು ವೇಳೆ ಕುಡಿದಿದ್ದರೆ ಮುಚ್ಚಿಡಬೇಡಿ. ಏನು ಕುಡಿದಿರಿ, ಎಷ್ಟು ಕುಡಿದಿರಿ, ಯಾವಾಗ ಕುಡಿದಿರಿ ಎಂದು ಹೇಳಿ. ಮಿಕ್ಕ ಬೇರು, ಪುಡಿ ಇದ್ದರೆ ಜೊತೆಗೆ ತನ್ನಿ. ಬಯ್ದರೆ ಬಯ್ಯಲಿ. ಬೈಗುಳ ಹೋಗುತ್ತದೆ, ಜೀವ ಉಳಿಯುತ್ತದೆ.

ಅಜ್ಜಿಯರ ವಿದ್ಯೆ

ಹಾಗಾದರೆ ನಮ್ಮ ಸೂಲಗಿತ್ತಿಯರಿಗೆ ಏನೂ ತಿಳಿಯದೇ? ಹಾಗಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿದ್ದೀರಿ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಯಾರ ಹತ್ತಿರವೂ ಹಣ ಕೇಳಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರು ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದರು. ಅದು ದೊಡ್ಡ ವಿದ್ಯೆ. ಬಸುರಿಯ ಜೊತೆ ಕೂತು ಬೆನ್ನು ಸವರಿ ಧೈರ್ಯ ಹೇಳುವುದೂ ವಿದ್ಯೆಯೇ. ಅದು ನಮಗೆ ಬೇಕು. ಅಳತೆ ತಿಳಿಯದ ಕಷಾಯ ಬೇಡ.

ಸೊಂಟಕ್ಕೆ, ಕಾಲಿಗೆ ಬೆಚ್ಚಗಿನ ಎಣ್ಣೆ ಮೆಲ್ಲಗೆ ಸವರಿಸಿಕೊಳ್ಳಿ. ಹೊಟ್ಟೆ ಒತ್ತಿಸಬೇಡಿ. ಮಗುವನ್ನು ತಿರುಗಿಸಲು ಬಿಡಬೇಡಿ. ಕೆಳಗಿನಿಂದ ಬೇರು, ಕಡ್ಡಿ, ಸೊಪ್ಪು ಯಾವುದನ್ನೂ ಒಳಗೆ ಇಡಬಾರದು. ಮನೆಗೆ ಬಂದು ನೋವಿನ ಸೂಜಿ ಹಾಕುವವರನ್ನೂ ಒಳಗೆ ಬಿಡಬೇಡಿ.

ನಿಮ್ಮ ಕಾರ್ಡನ್ನು ನೀವೇ ಓದಿ

ಈಗ ನಿಮಗೆ ಓದು ಬಂದಿದೆ. ಲೆಕ್ಕ ಬಂದಿದೆ. ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ತೆಗೆದು ಓದಿ.

ಹೆರಿಗೆಯ ದಿನವನ್ನು ನೀವೇ ಲೆಕ್ಕ ಹಾಕಬಹುದು. ಕೊನೆಯ ಸಲ ಮುಟ್ಟಾದ ಮೊದಲ ದಿನ ಯಾವುದು? ಅದಕ್ಕೆ 9 ತಿಂಗಳು, 7 ದಿನ ಕೂಡಿಸಿ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಅಕ್ಟೋಬರ್ 17. ಅದೇ ದಿನ ಹೆರಿಗೆ ಆಗಲೇಬೇಕು ಎಂದಿಲ್ಲ. ಕೆಲವು ದಿನ ಹಿಂದೆ ಮುಂದೆ ಆಗುವುದೇ ಹೆಚ್ಚು. "ದಿನ ಆಯ್ತು, ಇನ್ನೂ ನೋವು ಬಂದಿಲ್ಲ" ಎಂದು ಮನೆಯವರು ಗಾಬರಿ ಆಗ್ತಾರೆ. ಕಷಾಯ ಕುದಿಯೋದು ಆಗಲೇ. ಒಲೆ ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ ತೋರಿಸಿ. ದಿನ ದಾಟಿ ಒಂದು ವಾರ ಆಗುವ ತನಕ ಕಾಯಬೇಡಿ. ನೋವು ಬರಿಸಬೇಕಾದರೆ ಅವರು ಅಳತೆ ನೋಡಿ ಬರಿಸುತ್ತಾರೆ. ಮಗುವಿನ ಎದೆಬಡಿತ ಕೇಳುತ್ತಾ ಇರುತ್ತಾರೆ.

ಕಬ್ಬಿಣದ ಮಾತ್ರೆ ಬಿಡಬೇಡಿ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಒಂದರಂತೆ 180 ದಿನ ನುಂಗಬೇಕು. ಟೀ, ಕಾಫಿ ಜೊತೆ ಬೇಡ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬೇಡಿ. ಹೆರಿಗೆಗೆ ತಯಾರಿ ಅಂದರೆ ಇದೇ. ಮೈಯಲ್ಲಿ ರಕ್ತ ಇರಬೇಕು. ಹೊಟ್ಟೆ ತುಂಬ ಊಟ, ಸ್ವಲ್ಪ ನಡಿಗೆ, ಹಗಲು ಸ್ವಲ್ಪ ವಿಶ್ರಾಂತಿ ಬೇಕು.

2016ರಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇದೆ. ನಾಲ್ಕನೇ ತಿಂಗಳಿನಿಂದ ಹೋಗಬಹುದು. 2011ರಿಂದ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ದುಡ್ಡು ಕೊಡಬೇಕಾಗಿಲ್ಲ. ಆಪರೇಷನ್ ಆದರೂ ಪುಕ್ಕಟೆ. ಇದು ನಿಮ್ಮ ಹಕ್ಕು.

ತಡಮಾಡಬಾರದ ಹೊತ್ತು

ಇವು ಕಂಡರೆ ಮನೆಮದ್ದು ಬೇಡ, ಅಜ್ಜಿಯ ಮಾತಿಗೂ ಕಾಯುವುದು ಬೇಡ:

ಕೆಳಗಿನಿಂದ ರಕ್ತ ಹೋದರೆ.
ನೀರು ಒಡೆದರೆ.
ಜೋರು ತಲೆನೋವು ಬಂದು ಕಣ್ಣು ಮಂಜಾದರೆ.
ಮುಖ, ಕೈ ಊದಿಕೊಂಡರೆ.
ಫಿಟ್ಸ್ ಬಂದರೆ.
ಜ್ವರ ಬಂದರೆ.
ಮಗುವಿನ ಒದೆತ ಕಡಿಮೆಯಾದರೆ.
ದಿನ ತುಂಬುವ ಮೊದಲೇ ನೋವು ಬಂದರೆ.

108ಕ್ಕೆ ಫೋನ್ ಮಾಡಿ. ಆಶಾ ಅಕ್ಕನನ್ನು ಕೂಗಿ.

ಕೊನೆಯ ಮಾತು. ಮನೆಗೆ ಹೋಗಿ ಈ ಪಾಠವನ್ನು ನಿಮ್ಮ ಅತ್ತೆಗೆ, ಅವ್ವನಿಗೆ ಓದಿ ಹೇಳಿ. ಜಗಳ ಮಾಡಬೇಡಿ. "ನಿಮ್ಮ ಕೈಯ ಜೀರಿಗೆ ನೀರು ಕೊಡಿ ಅತ್ತೆ, ಕುಡೀತೀನಿ. ನೋವಿನ ಮದ್ದು ಮಾತ್ರ ಬೇಡ" ಅನ್ನಿ. ಅವರ ಪ್ರೀತಿಯೂ ಉಳಿಯಲಿ. ನಿಮ್ಮ ಜೀವವೂ ಉಳಿಯಲಿ.

ನಮ್ಮವ್ವ ಇದ್ದಿದ್ದರೆ ನಾನೂ ಅವಳಿಗೆ ಓದಿ ಹೇಳ್ತಿದ್ದೆ.